ಸೊಟ್ಟ ಬೆರಳಿನ ಸಂದಿ

ಕೆರೊಕಾ ಸಂತೆಯ ಮೇಲಿನ ಗುಡ್ಡ,
ಶುಕ್ರವಾರ, ೨೮ ಜೂನ್ ೧೯೯೬, ಮಧ್ಯಾಹ್ನ

ಪ್ರೀತಿಯ ತಂಗಿ ಮೊಕೇರಾ,

ನಿನಗೂ ನಿನ್ನ ಮಗ ಒಬ್ವೊಗೆಗೂ ಸೊಸೆಗೂ ಅವಳಿ ಕೂಸುಗಳಿಗೂ ಗೆಸಾರೆ ಅಕ್ಕನ ಆಶೀರ್ವಾದ. ಎಲ್ಲರೂ ಕ್ಷೇಮವೇ? ಕೂಸುಗಳಿಗೆ ಹಲ್ಲು ಬಂತೇ? ಮೊಂಬಾಸದ ಸೆಕೆಗೆ ಅವುಗಳ ಬೆನ್ನಿನ ಮೇಲೆ ಬೊಕ್ಕೆ ಎದ್ದಿವೆ ಎಂದು ಬರೆದಿದ್ದೆ, ಕಡಿಮೆಯಾಯಿತೇ? ಮಲಗಿದಾಗ ನಿನ್ನ ಪಾದದಲ್ಲಿ ಇರುವೆ ಹರಿದಂತಾಗುತ್ತದೆ, ಅಂಗಾಲು ಉರಿಯುತ್ತದೆ ಎಂದೂ ಬರೆದಿದ್ದೆ. ಅದಕ್ಕೆಲ್ಲ ಹೆದರಬೇಡ. ಆ ಊರಿನ ಮರಳಿನ ಕಾವು ಅದು. ನನಗೂ ಮೂರು ವರ್ಷದ ಹಿಂದೆ ಹಾಗೇ ಆಗುತ್ತಿತ್ತು, ನಿನಗೆ ಹೇಳಿರಲಿಲ್ಲ ಅಷ್ಟೆ. ತಾನಾಗಿಯೇ ಹೋಯಿತು. ಈಗ ಇರುವೆಯೂ ಇಲ್ಲ, ಉರಿಯೂ ಇಲ್ಲ, ಏನೂ ಅನ್ನಿಸುವುದೇ ಇಲ್ಲ. ನಿನ್ನದೂ ಹಾಗೇ ಹೋಗುತ್ತದೆ. ಇಲ್ಲಿ ದೇವರ ದಯದಿಂದ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನವರ ಕೆಮ್ಮು ಇಳಿದಿದೆ. ಕೆಂಪು ಹಸು ಹೆಣ್ಣುಗರು ಹಾಕಿದೆ. ನಿನ್ನ ಪಾಲಿನ ಚಹಾ ಗಿಡಗಳನ್ನು ನಾನೇ ಕೊಯ್ದು ಬುಟ್ಟಿ ಹೊತ್ತು ತೂಕದ ಕಟ್ಟೆಗೆ ಹಾಕುತ್ತಿದ್ದೇನೆ, ಒಂದು ಎಲೆಯೂ ಬಲಿಯಲು ಬಿಟ್ಟಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೊದಲ ಸಲ ಮೊಮ್ಮಗಳು ಕೆರೂಬೊ ಓದಿ ಹೇಳಿದಳು. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಎರಡು ಹಾಳೆಯಲ್ಲಿ ವಕೇಶೊ ಎಂಬ ಹೆಸರು ಏಳು ಸಲ ಬಂದಿದೆ. ನನ್ನ ಹೆಸರು ಎರಡು ಸಲ, ಅದರಲ್ಲಿ ಒಂದು ಲಕೋಟೆಯ ಮೇಲಿನದು. ವಕೇಶೊ ತೈತಾ ಗುಡ್ಡದವಳಂತೆ, ವಕೇಶೊ ನಿನ್ನ ಬೀದಿಯವಳೇ ಅಂತೆ, ವಕೇಶೊ ನಕ್ಕರೆ ಇಡೀ ಸಭೆ ನಗುತ್ತದಂತೆ. ಇರಲಿ, ಮಗನ ಮನೆಗೆಂದು ಊರು ಬಿಟ್ಟು ಹೋದವಳಿಗೆ ಮಾತಿಗೊಬ್ಬರು ಬೇಕು. ಆದರೆ ಮೂರು ತಿಂಗಳಿಗೊಮ್ಮೆ ಪ್ರಭುಭೋಜನದ ಶನಿವಾರ, ಸಬ್ಬತ್ತಿನ ಆರಾಧನೆಯಲ್ಲಿ ರೊಟ್ಟಿ ಮುರಿಯುವ ಮೊದಲು ಹೆಂಗಸರು ಇಬ್ಬಿಬ್ಬರಾಗಿ ಕಾಲು ತೊಳೆಯಲು ಕೂತಾಗ ನಿನ್ನ ಎದುರು ಕೂರುವವಳೂ ಅವಳೇ ಅಂತೆ. ‘ಅವಳು ನೀರು ಬೆಚ್ಚಗೆ ಮಾಡ್ಕೊಂಡು ತರ್ತಾಳೆ ಅಕ್ಕಾ, ತೊಳೆದ ಮೇಲೆ ತೆಂಗಿನ ಎಣ್ಣೆ ಹಚ್ಚಿ ಅಂಗಾಲು ಒತ್ತುತ್ತಾಳೆ, ಎಷ್ಟು ಹಾಯಾಗಿರುತ್ತೆ ಗೊತ್ತಾ’ ಎಂದು ಬರೆದಿದ್ದೀಯ. ಗೊತ್ತಿಲ್ಲಮ್ಮ. ನನಗೆ ಹೇಗೆ ಗೊತ್ತಾಗಬೇಕು? ನಾನು ಇಪ್ಪತ್ತನಾಲ್ಕು ವರ್ಷ ನಿನ್ನ ಕಾಲನ್ನು ಬರೀ ನೀರಿನಲ್ಲಿ ತೊಳೆದವಳು. ಕರ್ತನೂ ಶಿಷ್ಯರ ಕಾಲನ್ನು ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದನೇ ಹೊರತು ಎಣ್ಣೆ ಹಚ್ಚಿ ಒತ್ತಲಿಲ್ಲ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಆ ದಿನ ಚಹಾ ಎಲೆಯ ಜೊತೆ ಕಡ್ಡಿಯನ್ನೂ ಕಿತ್ತು ಬುಟ್ಟಿಗೆ ಹಾಕಿ, ತೂಕದವನ ಹತ್ತಿರ ಬೈಸಿಕೊಂಡೆ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಸೊಟ್ಟ ಬೆರಳಿನ ವಿಷಯವನ್ನು ಅವಳಿಗೆ ಹೇಳಿ, ಇಬ್ಬರೂ ಬೋಗುಣಿ ಅಲುಗಾಡುವಷ್ಟು ನಕ್ಕೆವು ಎಂದು ಬರೆದಿದ್ದೀಯಲ್ಲ, ಅದನ್ನು ಹೇಗೆ ನುಂಗಲಿ? ನನ್ನ ಎಡಗಾಲಿನ ನಾಲ್ಕನೇ ಬೆರಳು ಚಿಕ್ಕಂದಿನಲ್ಲಿ ಬೀಸುವ ಕಲ್ಲು ಬಿದ್ದು ಸೊಟ್ಟಗಾಗಿ ಕಿರುಬೆರಳಿನ ಮೇಲೆ ಹತ್ತಿ ಕೂತಿರುವುದು ನನ್ನ ತಾಯಿಗೆ ಗೊತ್ತಿತ್ತು, ನಿನ್ನ ಭಾವನವರಿಗೆ ಗೊತ್ತು, ನಿನಗೆ ಗೊತ್ತು. ನಿನಗೆ ಗೊತ್ತಾದದ್ದು ಹೇಗೆ ಎಂಬುದು ನೆನಪಿದೆಯೇ? ನಾವಿಬ್ಬರೂ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಬಂದ ವಾರಗಿತ್ತಿಯರು. ನೀನು ಮದುವಣಗಿತ್ತಿಯಾಗಿ ಬಂದ ವಾರವೇ ಅತ್ತೆ ನಿನ್ನ ರಾಗಿ ಮುದ್ದೆಯನ್ನು ಹೊಗಳಿ, ನನ್ನದನ್ನು ಕರುವಿಗೆ ಹಾಕಿದರು. ಎಂಟು ತಿಂಗಳು ನಾನು ನಿನ್ನ ಮುಖ ನೋಡಲಿಲ್ಲ. ಕೊನೆಗೆ ಸಭೆಯ ಹಿರಿಯರು, ‘ಈ ಇಬ್ರನ್ನ ಒಂದೇ ಬೋಗುಣಿಗೆ ಕೂರ್ಸಿ, ಇಲ್ಲಾಂದ್ರೆ ಇಬ್ರಿಗೂ ಪ್ರಭುಭೋಜನದ ರೊಟ್ಟಿ ಇಲ್ಲ’ ಎಂದರು. ನಾನು ಬೇಕೆಂದೇ ಒರತೆಯ ಕೊರೆಯುವ ನೀರು ತಂದು ನಿನ್ನ ಕಾಲಿಗೆ ಸುರಿದೆ. ನೀನು ನಡುಗಿದೆ, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ. ನಿನ್ನ ಸರದಿ ಬಂದಾಗ ನನ್ನ ಸೊಟ್ಟ ಬೆರಳು ಕಂಡಿತು. ನಗಬಹುದಿತ್ತು. ನೀನು ಆ ಬೆರಳನ್ನು ಮೆಲ್ಲಗೆ ಎತ್ತಿ, ಸಂದಿಯ ಕೆಸರು ತೊಳೆದು, ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು ಒಳಗೆ ತೂರಿಸಿ ಒರೆಸುತ್ತ, ‘ನೋವಾಗುತ್ತಾ ಅಕ್ಕಾ?’ ಎಂದು ಕೇಳಿದೆ. ಅಕ್ಕಾ ಎಂದು ನೀನು ಕರೆದದ್ದು ಅದೇ ಮೊದಲು. ಆ ಬೆರಳನ್ನು ಈಗ ತೈತಾದವಳ ಮುಂದೆ ಹರವಿ ನಕ್ಕಿದ್ದೀಯ.

ಇನ್ನೊಂದು ವಿಷಯ ಕೇಳು, ಇದನ್ನು ಯಾರಿಗೂ ಹೇಳಿಲ್ಲ. ನೀನು ಹೋದ ಮೇಲೆ ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್, ಮೂರು ಪ್ರಭುಭೋಜನ ಕಳೆದವು. ಮೂರರಲ್ಲೂ ನಾನು ಯಾರಿಗೂ ಕಾಲು ಕೊಟ್ಟಿಲ್ಲ. ಬೋಗುಣಿ, ಬಟ್ಟೆ, ನೀರಿನ ಉಸ್ತುವಾರಿ ನನ್ನದೇ ತಾನೆ. ಹೂಜಿ ಹಿಡಿದು ಆ ಬೆಂಚಿನಿಂದ ಈ ಬೆಂಚಿಗೆ ಓಡಾಡುತ್ತ, ಇವಳಿಗೆ ನೀರು, ಅವಳಿಗೆ ಒಣ ಬಟ್ಟೆ ಎಂದು ಸಡಗರ ಮಾಡಿದರೆ ನೀರು ಹೊಯ್ಯುವವಳ ಕಾಲನ್ನು ಯಾರೂ ನೋಡುವುದಿಲ್ಲ. ಕಾಲು ತೊಳೆಸಿಕೊಳ್ಳದವಳು ರೊಟ್ಟಿ ಮುರಿಯಬಾರದು ಎಂದು ನನಗೆ ಗೊತ್ತು. ಆದ್ದರಿಂದ ತಟ್ಟೆ ಬಂದಾಗ ಬಾಗಿಲ ಹತ್ತಿರ ಅಳುವ ಯಾವುದಾದರೂ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಒಂದು ವರ್ಷದಿಂದ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ನೀನು ಬರುವ ತನಕ ಈ ಕಾಲು ನಿನಗೇ ಮೀಸಲು ಎಂದುಕೊಂಡಿದ್ದೆ. ನೀನಾದರೋ ಹೋದ ಮೂರನೇ ತಿಂಗಳಿಗೇ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದೀಯ.

ನಿನ್ನ ಜಾಗವೂ ಖಾಲಿ ಉಳಿದಿಲ್ಲ, ತಿಳಿದುಕೋ. ಕಿಟಕಿ ಪಕ್ಕದ ಬೆಂಚಿನಲ್ಲಿ ಈಗ ಬೊಚಬೆರಿ ಕೂರುತ್ತಾಳೆ. ತೂಕದ ಕಟ್ಟೆಯ ಗುಮಾಸ್ತನ ಹೆಂಡತಿ, ಔಷಧಾಲಯದಲ್ಲಿ ನರ್ಸು. ಇಪ್ಪತ್ತಾರು ವಯಸ್ಸು, ಮೂವತ್ತಾರು ಜನಕ್ಕಾಗುವಷ್ಟು ಬಾಯಿ. ನಮ್ಮ ಸಭೆಯ ಆರೋಗ್ಯ ವಿಭಾಗವನ್ನು ಅವಳ ಕೈಗೆ ಕೊಟ್ಟಿದ್ದಾರೆ. ಹೋದ ತಿಂಗಳು ಎದ್ದು ನಿಂತು, ‘ನಮ್ ದೇಹ ದೇವರ ಆಲಯ ಅಂತ ವಾರವಾರ ಹೇಳ್ತೀವಿ. ಚಹಾ ಬಿಟ್ಟಿದೀವಿ, ಹೆಂಡ ಬಿಟ್ಟಿದೀವಿ. ಆದ್ರೆ ಕೆಲವರ ಮನೇಲಿ ಬಿಸಿ ಹಾಲಿಗೆ ಸಕ್ಕರೆ ಹಾಕ್ತಾರೋ, ಸಕ್ಕರೆಗೆ ಹಾಲು ಹಾಕ್ತಾರೋ ಗೊತ್ತಾಗಲ್ಲ’ ಎಂದಳು. ಎಲ್ಲರೂ ನಕ್ಕರು. ಅದಕ್ಕೆ ಎರಡು ದಿನ ಮೊದಲು ಅವಳು ನಮ್ಮ ಮನೆಗೆ ಬಂದು ಹಾಲು ಕುಡಿದು ಹೋಗಿದ್ದಳು. ನನ್ನ ಹಾಲೇ ಅದು. ಮೂವತ್ತು ವರ್ಷದಿಂದ ಚಹಾ ಎಲೆ ಕೊಯ್ದು ಬೆರಳು ಕಪ್ಪಾಗಿದೆ, ಒಂದು ಗುಟುಕು ಚಹಾ ಗಂಟಲಿಗೆ ಇಳಿದಿಲ್ಲ. ಹಂದಿ ಮುಟ್ಟಿಲ್ಲ, ನಶ್ಯ ಮೂಸಿಲ್ಲ. ದೇಹವನ್ನು ಇದಕ್ಕಿಂತ ಶುದ್ಧವಾಗಿ ಇಟ್ಟುಕೊಂಡವಳು ಈ ಗುಡ್ಡದಲ್ಲಿ ಇದ್ದರೆ ತೋರಿಸಲಿ. ಆಮೇಲೆ ಎಲ್ಲರೂ ಔಷಧಾಲಯಕ್ಕೆ ಬಂದು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದಳು. ನಾನು ಹೋಗಲಿಲ್ಲ. ನಿನ್ನ ಬೆಂಚಿನಲ್ಲಿ ಕೂತವಳ ಮುಂದೆ ನಾನು ಬೆರಳು ಚಾಚುವುದೇ?

ನಾಳೆ ಮತ್ತೆ ಪ್ರಭುಭೋಜನ. ಈ ಸಲ ಪಾಸ್ಟರು ನಮ್ಮ ಸಭೆಗೇ ಬರುತ್ತಿದ್ದಾರೆ, ಜೊತೆಗೆ ಪಾಸ್ಟರಮ್ಮ ತ್ರುಫೋಸಾ. ನಿನ್ನ ಪತ್ರ ಓದಿದ ದಿನವೇ ನಾನು ಅವರಿಗೆ ಹೇಳಿ ಕಳುಹಿಸಿದೆ, ಈ ಸಲ ನನ್ನ ಎದುರು ಅವರೇ ಕೂರಬೇಕೆಂದು. ಒಪ್ಪಿದ್ದಾರೆ. ನಿನಗೆ ವಕೇಶೊ ಆದರೆ ನನಗೆ ಪಾಸ್ಟರಮ್ಮ. ಮುಂದಿನ ಪತ್ರದಲ್ಲಿ ನೋಡು, ಅವರ ಹೆಸರು ಹದಿನಾಲ್ಕು ಸಲ ಬರುತ್ತದೆ. ಅವರ ಕೈಗೆ ಒರಟು ಹಿಮ್ಮಡಿ ಕೊಡಲಾಗುತ್ತದೆಯೇ? ಅದಕ್ಕೇ ಈಗ ಒಲೆಯಿಂದ ಇಳಿಸಿದ ನೀರನ್ನು ಬೋಗುಣಿಗೆ ಹಾಕಿ, ಎರಡೂ ಕಾಲು ಇಳಿಬಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಕೆರೂಬೊ ಆಟಕ್ಕೆಂದು ಕೈ ಅದ್ದಿ, ‘ಅಜ್ಜೀ, ಸುಟ್ಟೋಯ್ತು’ ಎಂದು ಕಿರುಚಿ ಓಡಿದಳು. ಈಗಿನ ಮಕ್ಕಳ ಚರ್ಮ ಬೆಣ್ಣೆ. ನನಗೆ ಉಗುರುಬೆಚ್ಚಗೂ ಇಲ್ಲ. ಇನ್ನು ಹೊಳೆಯ ಒರಟು ಕಲ್ಲಿನಿಂದ ಹಿಮ್ಮಡಿ ಉಜ್ಜಬೇಕು. ನಾವು ಹೆಂಗಸರೆಲ್ಲ ಹೀಗೇ ಅಲ್ಲವೇ, ಇನ್ನೊಬ್ಬರು ತೊಳೆಯಬೇಕಾದ ಕಾಲನ್ನು ಹಿಂದಿನ ದಿನವೇ ತೊಳೆದಿಟ್ಟುಕೊಂಡು ಹೋಗುವುದು. ಮಂಡಿ ಬಗ್ಗುವುದಿಲ್ಲ, ಅಂಗಾಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕಷ್ಟು ಉಜ್ಜುತ್ತೇನೆ. ಸಂತೆಯಿಂದ ಕಪ್ಪು ಬೂಟು, ಬಿಳಿ ಕಾಲುಚೀಲ ತಂದಿದ್ದೇನೆ. ಒಂದು ಅಳತೆ ಚಿಕ್ಕದೇ ತಂದೆ, ಪಾದ ಸಣ್ಣಗೆ ಕಾಣುತ್ತದೆ. ಹಾಕಿ ನೋಡಿದೆ, ಎಲ್ಲೂ ಒತ್ತುವುದಿಲ್ಲ.

ಹೊತ್ತು ಇಳಿಯುತ್ತಿದೆ. ಸೂರ್ಯ ಮುಳುಗಿ ಸಬ್ಬತ್ತು ಶುರುವಾಗುವ ಮೊದಲು ಮುದ್ದೆ ತೊಳಸಿ ಮುಚ್ಚಿಡಬೇಕು. ನಾಡಿದ್ದು ಮುಂದುವರಿಸುತ್ತೇನೆ, ನಾಳೆಯ ಸುದ್ದಿಯನ್ನೂ ಸೇರಿಸಿ. ಓದಿ ನಿನ್ನ ಹೊಟ್ಟೆಯೂ ಸ್ವಲ್ಪ ಉರಿಯಲಿ.

ಭಾನುವಾರ, ೭ ಜುಲೈ

ತಂಗಿ, ನಾಡಿದ್ದು ಎಂದವಳು ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಈಗ ಓದಿದೆ. ಹರಿದು ಹಾಕೋಣ ಎನ್ನಿಸಿತು. ಆದರೆ ಹರಿದರೆ ನಾನು ಎಂಥವಳು ಎಂದು ನಿನಗೆ ಹೇಗೆ ಗೊತ್ತಾಗಬೇಕು, ಹಾಗೇ ಇಟ್ಟಿದ್ದೇನೆ. ಎಡಗಾಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಸ್ಟೂಲಿನ ಮೇಲೆ ಎತ್ತಿಟ್ಟಿದ್ದಾರೆ. ಕೆಳಗಿಳಿಸಿದರೆ ನಿನ್ನ ಭಾವನವರು ಬೈಯುತ್ತಾರೆ. ಜನ್ಮದಲ್ಲಿ ಬೈಯದವರು ಈಗ ಕಲಿತಿದ್ದಾರೆ.

ಆ ಸಬ್ಬತ್ತಿನ ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು ಎರಡು ಗುಡ್ಡ ದಾಟಿ ನಡೆದೆ. ಆರಾಮಾಗಿಯೇ ನಡೆದೆ. ಹೂಜಿಯನ್ನು ಬೇರೆಯವರ ಕೈಗೆ ಕೊಟ್ಟು, ನಮ್ಮ ಹಳೆಯ ಬೆಂಚಿನ ಮೇಲೆ ರಾಣಿಯ ಹಾಗೆ ಕೂತೆ. ಪಾಸ್ಟರಮ್ಮ ಮಡಿಸಿದ ಬಟ್ಟೆಯ ಮೇಲೆ ಮಂಡಿಯೂರಿ, ‘ನಿಮ್ಮಂಥ ಹಿರಿಯರ ಕಾಲು ಮುಟ್ಟೋದು ನನ್ನ ಭಾಗ್ಯ ಅಮ್ಮಾ’ ಎಂದರು. ಇಡೀ ಹೆಂಗಸರ ಸಾಲು ಕತ್ತು ಚಾಚಿ ನೋಡುತ್ತಿತ್ತು. ಆಗ ನಾನು ನಿನ್ನನ್ನು ನೆನೆಸಿಕೊಂಡೆ. ಪ್ರಾರ್ಥನೆ ಮಾಡುವುದನ್ನು ಬಿಟ್ಟು, ಇದನ್ನು ಮೊಕೇರಾಗೆ ಯಾವ ಮಾತಿನಲ್ಲಿ ಬರೆಯಲಿ ಎಂದು ಸಾಲು ಜೋಡಿಸುತ್ತಿದ್ದೆ. ಬಲಗಾಲಿನ ಬೂಟು ಬಂತು. ಎಡಗಾಲಿನದು ಬರಲಿಲ್ಲ. ಎಳೆದಾಗ ಬಿಳಿ ಕಾಲುಚೀಲ ಅಡಿಯಿಂದ ಹಿಮ್ಮಡಿಯವರೆಗೆ ಕೆಂಪಾಗಿತ್ತು. ಬೂಟಿನ ಅಟ್ಟೆಯಿಂದ ಒಂದು ಮೊಳೆ ಅರ್ಧ ಬೆರಳಿನಷ್ಟು ಮೇಲೆ ಬಂದು ನಿಂತಿತ್ತು. ಎರಡು ಗುಡ್ಡ, ತಂಗಿ. ಅದರ ಮೇಲೆ ಎರಡು ಗುಡ್ಡ ನಡೆದಿದ್ದೆ, ನನಗೆ ಗೊತ್ತಾಗಿರಲಿಲ್ಲ. ಕಾಲುಚೀಲ ಸುಲಿದಾಗ ವಾಸನೆ ಬಂತು. ಎಷ್ಟೋ ದಿನದಿಂದ ಆ ವಾಸನೆ ನನ್ನ ಸುತ್ತ ಇತ್ತು, ಕೊಟ್ಟಿಗೆಯದು ಎಂದುಕೊಂಡಿದ್ದೆ. ಪಾಸ್ಟರಮ್ಮನ ಕೈ ತಾನಾಗಿ ಮೂಗಿಗೆ ಹೋಯಿತು. ಒಳ್ಳೆಯ ಹೆಂಗಸು, ತಕ್ಷಣ ಇಳಿಸಿದರು, ಆದರೆ ನಾನು ನೋಡಿಬಿಟ್ಟೆ. ಸಾಲಿನಲ್ಲಿ ಯಾರೋ, ‘ಅಯ್ಯೋ, ಗೆಸಾರೆಯ ಕಾಲಿಗೆ ಏನಾಗಿದೆ’ ಎಂದರು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

ಕಾಲನ್ನು ಲಂಗದ ಕೆಳಗೆ ಎಳೆದುಕೊಂಡು ಎದ್ದುಬಿಡಲು ನೋಡಿದೆ. ಬೊಚಬೆರಿ ಎಲ್ಲಿಂದಲೋ ಬಂದು ನೆಲದ ಮೇಲೆ ಕೂತು, ನನ್ನ ಪಾದವನ್ನು ತನ್ನ ಬಿಳಿ ಸಬ್ಬತ್ತಿನ ಬಟ್ಟೆಯ ಮೇಲೆ, ಮಡಿಲಿಗೆ ಇಟ್ಟುಕೊಂಡಳು. ‘ಬಟ್ಟೆ ಹಾಳಾಗುತ್ತೆ, ಬಿಡೇ’ ಎಂದೆ. ‘ಬಟ್ಟೆ ಒಗೀಬೋದು, ಸುಮ್ನೆ ಕೂತ್ಕೊಳ್ಳಿ’ ಎಂದಳು. ಮೊಳೆಯ ಗಾಯ ನೋಡಿದಳು, ಬಿಸಿನೀರಿಗೆ ಎದ್ದಿದ್ದ ಗುಳ್ಳೆ ನೋಡಿದಳು. ಆಮೇಲೆ ಸೊಟ್ಟ ಬೆರಳನ್ನು ಮೆಲ್ಲಗೆ ಎತ್ತಿ, ಸಂದಿಯ ಒಳಗೆ ನೋಡಿ, ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು. ಬೆರಳು ಒತ್ತಿ, ‘ನೋವಾಗುತ್ತಾ?’ ಎಂದು ಕೇಳಿದಳು. ನೀನು ಕೇಳಿದ ಹಾಗೇ ಕೇಳಿದಳು. ಇಲ್ಲ ಎಂದೆ. ಇನ್ನೂ ಜೋರಾಗಿ ಒತ್ತಿ, ‘ಈಗ?’ ಎಂದಳು. ಇಲ್ಲ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಆಗ ನನಗೆ ಹೆದರಿಕೆಯಾಯಿತು. ‘ಇದು ಮೊಳೇದಲ್ಲ, ತಿಂಗಳುಗಟ್ಟಲೆ ಹಳೇದು. ಯಾರಿಗೂ ತೋರಿಸ್ಲಿಲ್ವಾ? ಹೋದ್ಸಲ ಯಾರು ತೊಳೆದ್ರು ನಿಮ್ ಕಾಲು?’ ಎಂದಳು. ಯಾರೂ ಇಲ್ಲ ಎಂದೆ. ‘ಅದಕ್ಕೆ ಹಿಂದೆ?’ ಆಗಲೂ ಯಾರೂ ಇಲ್ಲ ಎಂದೆ. ಇಡೀ ಸಾಲಿಗೆ ಕೇಳುವಂತೆ ಬೈದಳು ನೋಡು, ನನ್ನ ಮಗಳ ವಯಸ್ಸಿನವಳು: ‘ದೇವರ ಆಲಯ ದೇವರದ್ದು. ಕೀಲಿಕೈ ನನ್ ಹತ್ರ ಇದೆ ಅಂತ ಬೀಗ ಹಾಕ್ಕೊಂಡು ಮುನಿಸ್ಕೊಂಡು ಕೂರೋಕೆ ನೀವ್ಯಾರು?’ ಬೈಯುತ್ತಲೇ ತೊಳೆದಳು, ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು ಸಂದಿಯನ್ನು ಒರೆಸಿದಳು. ಅದನ್ನು ಅವಳಿಗೆ ಯಾರು ಹೇಳಿಕೊಟ್ಟರೋ. ನಿನ್ನನ್ನು ಬಿಟ್ಟು ಇನ್ನೊಬ್ಬರಿಗೂ ಅದು ಬರುತ್ತದೆ ಎಂಬುದು ನನಗೆ ಕಾಲಿನ ಗಾಯಕ್ಕಿಂತ ಹೆಚ್ಚು ಚುಚ್ಚಿತು, ಸುಳ್ಳೇಕೆ ಹೇಳಲಿ. ಆಮೇಲೆ ನಾನು ಅವಳ ಕಾಲು ತೊಳೆದೆ. ಒಂದು ವರ್ಷದ ಮೇಲೆ ರೊಟ್ಟಿ ಮುರಿದೆ, ಅರ್ಧ ನೆಲಕ್ಕೆ ಬಿತ್ತು.

ಸೋಮವಾರ ಅವಳೇ ಕೆಲಸಕ್ಕೆ ರಜಾ ಹಾಕಿ ನನ್ನನ್ನೂ ನಿನ್ನ ಭಾವನವರನ್ನೂ ಕೀಸಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂತ್ರ ನೋಡಿದರು, ರಕ್ತ ನೋಡಿದರು. ಸಕ್ಕರೆ ಕಾಯಿಲೆಯಂತೆ, ಐದಾರು ವರ್ಷದಿಂದಲೇ ಇದ್ದಿರಬೇಕಂತೆ. ಚಹಾ ಕುಡಿಯುವುದಿಲ್ಲ ಡಾಕ್ಟರೇ ಎಂದೆ, ಬೇರೆ ಏನು ಹೇಳಬೇಕೋ ತೋಚದೆ. ಬೊಚಬೆರಿ ಗೋಡೆಯ ಕಡೆ ತಿರುಗಿಕೊಂಡು ನಕ್ಕಳು. ಸೊಟ್ಟ ಬೆರಳು ಬುಡದವರೆಗೆ ಕಪ್ಪಾಗಿದೆ, ಬರುವ ಬುಧವಾರ ಅದನ್ನು ತೆಗೆಯುತ್ತಾರೆ. ಅಲ್ಲಿಗೇ ನಿಂತರೆ ಪಾದ ಉಳಿಯುತ್ತದೆ, ನಿಲ್ಲದಿದ್ದರೆ ಮೇಲೆ ನೋಡಬೇಕು ಎಂದರು. ಎಲ್ಲಿಯವರೆಗೆ ಮೇಲೆ ಎಂದು ನಾನು ಕೇಳಲಿಲ್ಲ, ನಿನ್ನ ಭಾವನವರು ಕೇಳಿದರು. ಉತ್ತರವನ್ನು ಅವರು ನನಗೆ ಇನ್ನೂ ಹೇಳಿಲ್ಲ. ಈಗ ದಿನವೂ ಬೊಚಬೆರಿ ಬಂದು ಗಾಯ ತೊಳೆದು ಕಟ್ಟುತ್ತಾಳೆ. ಸಕ್ಕರೆ ಡಬ್ಬವನ್ನು ಅವಳೇ ಎತ್ತಿಕೊಂಡು ಹೋದಳು. ಬರೀ ಹಾಲು ಕುಡಿಯುತ್ತಿದ್ದೇನೆ, ಬಾಯಿಗೆ ಸುಣ್ಣದ ನೀರಿನಂತಿದೆ.

ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತವಳಿಗೆ ಯೋಚನೆ ಮಾಡುವುದೊಂದೇ ಕೆಲಸ. ಇಪ್ಪತ್ತನಾಲ್ಕು ವರ್ಷ, ಮೂರು ತಿಂಗಳಿಗೊಮ್ಮೆ ನೀನು ಆ ಬೆರಳನ್ನು ಎತ್ತಿ ಒಳಗೆ ನೋಡುತ್ತಿದ್ದೆ. ನಾನು ಅದನ್ನು ಬರೀ ಆಚರಣೆ ಎಂದುಕೊಂಡಿದ್ದೆ, ಬರೀ ಪ್ರೀತಿ ಎಂದುಕೊಂಡಿದ್ದೆ. ನನ್ನ ಮೈಯಲ್ಲಿ ನನ್ನ ಕಣ್ಣಿಗೆ ಬೀಳದ ಜಾಗವನ್ನು ಇನ್ನೊಬ್ಬಳು ನೋಡಲಿ ಎಂದೇ ಕರ್ತನು ಇದನ್ನು ಇಟ್ಟನೋ ಏನೋ, ನನಗೆ ಶಾಸ್ತ್ರ ಗೊತ್ತಿಲ್ಲ. ನೀನು ಹೋದ ಮೇಲೆ ಬೇರೆ ಯಾರಾದರೂ ನೋಡಬಹುದಿತ್ತು. ಹದಿನೇಳು ಹೆಂಗಸರಿದ್ದಾರೆ ನಮ್ಮ ಸಭೆಯಲ್ಲಿ. ನಾನೇ ಬಿಡಲಿಲ್ಲ. ನಿನಗೆ ಮೀಸಲು ಎಂದು ಇಟ್ಟು ಇಟ್ಟು ಕೊಳೆಸಿದೆ. ಹೊಟ್ಟೆಕಿಚ್ಚು ಹೊಟ್ಟೆಯಲ್ಲೇ ಇರುತ್ತದೆ ಎಂದುಕೊಂಡಿದ್ದೆ, ಕಾಲಿಗೂ ಇಳಿಯುತ್ತದೆ ಎಂದು ಈಗ ಗೊತ್ತಾಯಿತು. ಇಷ್ಟೆಲ್ಲ ಆದ ಮೇಲೂ, ಆ ತೈತಾದವಳು ನಿನ್ನ ಅಂಗಾಲು ಒತ್ತುತ್ತಾಳೆ ಎಂದು ನೆನೆದರೆ ಒಳಗೆ ಚುರ್ ಎನ್ನುತ್ತದೆ. ಅದಕ್ಕೆ ಡಾಕ್ಟರ ಹತ್ತಿರ ಔಷಧಿ ಇದೆಯೇ ಎಂದು ಬುಧವಾರ ಕೇಳುತ್ತೇನೆ.

ನೀನು ಹೊರಟು ಬರುವುದು ಬೇಡ. ಕೂಸುಗಳನ್ನು ಬಿಟ್ಟು ಎರಡು ದಿನದ ಬಸ್ಸಿನ ದಾರಿ ಬರುವಂಥದ್ದು ಏನೂ ಆಗಿಲ್ಲ. ಬುಧವಾರ ಹತ್ತು ಗಂಟೆಗೆ ನನಗಾಗಿ ಪ್ರಾರ್ಥಿಸು, ಅಷ್ಟು ಸಾಕು. ಬೆರಳು ಹೋದ ಮೇಲೆ ನಿನಗೂ ಅವಳಿಗೂ ನಗಲು ಬೇರೆ ಏನಾದರೂ ಹುಡುಕಿಕೊಡುತ್ತೇನೆ. ಒಬ್ವೊಗೆಗೂ ಸೊಸೆಗೂ ನನ್ನ ಪ್ರೀತಿ ತಿಳಿಸು. ಕೂಸುಗಳ ಎರಡೂ ಕೆನ್ನೆಗೆ ದೊಡ್ಡಜ್ಜಿಯ ಮುತ್ತು. ನಿನ್ನ ಭಾವನವರೂ ಕೆರೂಬೊಳೂ ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನನ್ನು ತಲೆಯಿಂದ ಕಾಲಿನ ತನಕ ಕಾಪಾಡಲಿ.

ಇಂತಿ,
ನಿನ್ನನ್ನು ಇನ್ನೂ ಯಾರಿಗೂ ಪೂರ್ತಿ ಬಿಟ್ಟುಕೊಡದ ಅಕ್ಕ
ಗೆಸಾರೆ

ತಾ.ಕ.: ನಿನ್ನ ಭಾವನವರು ಸೈಕಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಇದನ್ನು ಮೊಂಬಾಸ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು. ಬರೆಯಬೇಕಾದದ್ದನ್ನು ಬರೆಯಲು ಇಷ್ಟು ಹೊತ್ತೂ ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತೇ, ಕಾಲು ಜೋಮು ಹಿಡಿಯುವ ಮೊದಲು ಇರುವೆ ಹರಿದಂತೆ ಆಗುತ್ತಿತ್ತೇ, ಅಂಗಾಲು ಉರಿಯುತ್ತಿತ್ತೇ ಎಂದು. ಮೊದಲ ಹಾಳೆಯಲ್ಲಿ, ಹೆದರಬೇಡ, ತಾನಾಗಿಯೇ ಹೋಗುತ್ತದೆ ಎಂದು ಬರೆದಿದ್ದೇನೆ. ಆ ಸಾಲನ್ನು ನಂಬಬೇಡ. ಅದು ಹೋಗುವುದೆಂದರೆ ನನ್ನ ಹಾಗೆ ಆಗುವುದು. ನೀನೂ ಇಷ್ಟು ವರ್ಷ ನನ್ನ ಸಕ್ಕರೆ ಹಾಲನ್ನೇ ಕುಡಿದವಳು. ನಾಳೆಯೇ ಹೋಗಿ ಸಕ್ಕರೆ ನೋಡಿಸು. ಅದಕ್ಕಿಂತ ಮೊದಲು, ಈ ಪತ್ರ ಮಡಿಸುವ ಮೊದಲೇ, ವಕೇಶೊಳನ್ನು ಕರೆ. ಹೌದು, ಅವಳನ್ನೇ. ಬಿಸಿಲಿನಲ್ಲಿ ಕೂತು ನಿನ್ನ ಎರಡೂ ಕಾಲನ್ನು ಮಡಿಲಲ್ಲಿಟ್ಟುಕೊಳ್ಳಲಿ, ಅಂಗಾಲು ನೋಡಲಿ, ಒಂದೊಂದು ಬೆರಳಿನ ಸಂದಿಯನ್ನೂ ಬಿಡಿಸಿ ನೋಡಲಿ. ಮೂರು ತಿಂಗಳಿಗೊಮ್ಮೆ ಅಲ್ಲ, ದಿನವೂ ನೋಡಲಿ. ಸಂದಿಗೆ ಎಣ್ಣೆ ಹಚ್ಚಬಾರದು ಎಂದು ಬೊಚಬೆರಿ ಹೇಳಿದ್ದಾಳೆ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ, ಇದ್ದರೂ ಸ್ವಲ್ಪ ಮಾತ್ರ. ಒತ್ತಿ ನೋಡಿ, ನೋವಾಗುತ್ತಾ ಎಂದು ಅವಳು ಕೇಳಲಿ. ಆಗುತ್ತೆ ಎಂದು ನೀನು ಹೇಳಬೇಕು ತಂಗಿ. ಅದೊಂದನ್ನು ಬರೆದು ಕಳಿಸು, ವಕೇಶೊಳ ಕೈಯಲ್ಲೇ ಬರೆಸಿದರೂ ಆದೀತು.